ನಲವತ್ತು ಪದಗಳಲ್ಲಿ ಯಕೃತ್ತು

ಜೂನ್ 3, ಮಂಗಳವಾರ

ಇವತ್ತು ಆಕ್ಟೋಪಸ್ಸಿನ ಮೂರು ಹೃದಯಗಳ ಬಗ್ಗೆ ಬರೆದೆ. ಎರಡು ಹೃದಯ ಕಿವಿರುಗಳಿಗೆ, ಒಂದು ಉಳಿದ ಮೈಗೆಲ್ಲ. ಈಜುವಾಗ ಮೈಯ ಹೃದಯ ಬಡಿಯುವುದನ್ನು ನಿಲ್ಲಿಸುತ್ತದೆ, ಅದಕ್ಕೇ ಆ ಪ್ರಾಣಿ ಈಜುವುದಕ್ಕಿಂತ ತೆವಳುವುದನ್ನೇ ಇಷ್ಟಪಡುತ್ತದೆ. ಬರೆದು ಎಣಿಸಿದರೆ ಐವತ್ತೊಂದು ಪದ. ನಮ್ಮ ಸಂಜೆಪತ್ರಿಕೆಯ ನಾಲ್ಕನೇ ಪುಟದ ಕೆಳಗಡೆ 'ಅಚ್ಚರಿ ಮೂಲೆ'ಗೆ ಇರುವ ಜಾಗ ನಲವತ್ತು. ಪುಟ ಕಟ್ಟುವವನನ್ನು ನಾವೆಲ್ಲ ಕತ್ತರಿ ಎಂದೇ ಕರೆಯುವುದು. ಅವನು ಎಂದಿನಂತೆ ಕೊನೆಯ ಸಾಲನ್ನು ಹಾರಿಸಿದ. ಅಚ್ಚಾಗಿ ಬಂದಾಗ ಆಕ್ಟೋಪಸ್ಸಿಗೆ ಮೂರು ಹೃದಯ ಇದ್ದವು, ಒಂದೂ ನಿಲ್ಲುತ್ತಿರಲಿಲ್ಲ.

ಇದು ನಮ್ಮಲ್ಲಿ ಇಪ್ಪತ್ತೆರಡು ವರ್ಷದ ಪದ್ಧತಿ. ಜಾಗ ಸಾಲದಿದ್ದರೆ ಓದಬೇಡ, ಯೋಚಿಸಬೇಡ, ಕೆಳಗಿನಿಂದ ಕತ್ತರಿಸು. ನಾನೋ ಮೊದಲು ಅಚ್ಚರಿ ಹೇಳಿ ಕೊನೆಗೆ 'ಆದರೆ' ಸೇರಿಸುವವನು. ಹೀಗಾಗಿ ಓದುಗರಿಗೆ ಅಚ್ಚರಿಯಷ್ಟೇ ಸಿಕ್ಕಿದೆ. ನನ್ನ ಆದರೆಗಳೆಲ್ಲ ಕಸದ ಬುಟ್ಟಿಯಲ್ಲಿವೆ.

ಸಂಜೆ ಮನೆಗೆ ಬಂದರೆ ಅತ್ತಿಗೆ ಕೂತಿದ್ದಾಳೆ. ಒಂಬತ್ತು ವರ್ಷದ ಮೇಲೆ! ಕೈಯಲ್ಲೊಂದು ಹಳದಿಯಾದ ಪತ್ರಿಕೆಯ ತುಂಡು.

"ಗುಬ್ಬಿ, ಇದು ನೀನು ಬರೆದಿದ್ದೇ ತಾನೆ?"

ನಾನೇ ಬರೆದದ್ದು. 'ಯಕೃತ್ತಿನ ಅರ್ಧಕ್ಕಿಂತ ಹೆಚ್ಚು ಭಾಗ ಕತ್ತರಿಸಿ ತೆಗೆದರೂ ಅದು ಕೆಲವೇ ತಿಂಗಳಲ್ಲಿ ಹೆಚ್ಚುಕಡಿಮೆ ಮೊದಲಿನ ಗಾತ್ರಕ್ಕೆ ಬೆಳೆಯುತ್ತದೆ' ಅಂತ. ನಾಲ್ಕು ವರ್ಷದ ಹಿಂದಿನದು.

"ನಿಮ್ಮಣ್ಣನ ಲಿವರ್ ಹೋಗಿದೆ. ಡಾಕ್ಟ್ರು ಮೂರು ತಿಂಗಳು ಅಂದ್ರು. ನನ್ನ ರಕ್ತದ ಗುಂಪು ಹೊಂದಲ್ಲ. ನಿಂದು ಅವರದು ಒಂದೇ ಗುಂಪು."

ಆ ತುಂಡನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ನನ್ನ ಕಡೆಗೆ ತಳ್ಳಿದಳು. ನನ್ನ ಬರಹವನ್ನು ಯಾರಾದರೂ ಇಷ್ಟು ಗಂಭೀರವಾಗಿ ಓದಿದ್ದು ಇದೇ ಮೊದಲು.

ಜೂನ್ 5, ಗುರುವಾರ

ಆವತ್ತು ಕತ್ತರಿಸಿ ಹೋದ ಸಾಲು ನನಗೆ ಬಾಯಿಪಾಠ ಇದೆ. 'ಆದರೆ ಇದು ದೊಡ್ಡ ಶಸ್ತ್ರಚಿಕಿತ್ಸೆ. ಕೆಲವು ನೂರು ದಾನಿಗಳಲ್ಲಿ ಒಬ್ಬರು ಸಾಯುವುದೂ ಉಂಟು.' ಮೊನ್ನೆ ಅತ್ತಿಗೆಗೆ ಇದನ್ನು ಹೇಳಬೇಕೆಂದು ಬಾಯಿ ತೆರೆದೆ, ಟೀ ಕುಡಿದು ಮುಚ್ಚಿದೆ.

ಅಣ್ಣನ ವಿಷಯ ಬರೆದುಬಿಡುತ್ತೇನೆ, ಮನಸ್ಸು ಹಗುರಾಗಲಿ. ನನಗಿಂತ ಎಂಟು ವರ್ಷ ದೊಡ್ಡವನು, ಹೈಸ್ಕೂಲಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಒಂಬತ್ತು ವರ್ಷದ ಹಿಂದೆ ನಾನು ಬಂಗಾರದ ಮೀನಿನ ನೆನಪು ಮೂರೇ ಸೆಕೆಂಡು ಎಂದು ಬರೆದೆ. ಅವನು ಸಂಪಾದಕರಿಗೆ ಕಾಗದ ಬರೆದ, ಹೆಸರು, ಪದವಿ, ಶಾಲೆಯ ಮೊಹರು ಸಮೇತ. 'ಇದು ಶುದ್ಧ ತಪ್ಪು. ಆ ಮೀನಿಗೆ ತಿಂಗಳುಗಟ್ಟಲೆ ನೆನಪಿರುತ್ತದೆ. ಅಂಕಣಕಾರರು ಪುಸ್ತಕ ತೆರೆದು ನೋಡುವ ಅಭ್ಯಾಸ ಬೆಳೆಸಿಕೊಂಡರೆ ಒಳ್ಳೆಯದು.' ಸಂಪಾದಕರು ಅದನ್ನು 'ತಿದ್ದುಪಡಿ' ಎಂಬ ತಲೆಬರಹದಲ್ಲಿ ಚೌಕಟ್ಟು ಕಟ್ಟಿ ಹಾಕಿದರು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಅಂಕಣಕ್ಕೆ ಬಂದ ಒಂದೇ ಒಂದು ತಿದ್ದುಪಡಿ ಅದು, ಅದೂ ಒಡಹುಟ್ಟಿದವನಿಂದ. ಫೋನ್ ಮಾಡಿ ಹೇಳಬಹುದಿತ್ತಲ್ಲ? ಆವತ್ತಿನಿಂದ ಮಾತಿಲ್ಲ. ಮೀನು ಮರೆತಿದ್ದರೂ ಮರೆತಿರಬಹುದು, ನಾನು ಮರೆತಿಲ್ಲ.

ಅವನು ಕುಡಿದು ಕೆಟ್ಟವನಲ್ಲ, ಒಂದು ಹನಿ ಮುಟ್ಟಿದವನಲ್ಲ. ದೇಹವೇ ತನ್ನ ಯಕೃತ್ತನ್ನು ಪರಕೀಯ ಎಂದುಕೊಂಡು ಕಡಿಯುವ ಕಾಯಿಲೆಯಂತೆ. ತಪ್ಪು ಹುಡುಕುವ ಚಟ ಒಳಗಿನವರೆಗೂ ಇಳಿದಿದೆ ನೋಡಿ.

(ಇದನ್ನು ಬರೆಯಬಾರದಿತ್ತು. ಇರಲಿ. ಯಾರೂ ಓದುವುದಿಲ್ಲ.)

ಹೆಂಡತಿಯನ್ನು ಕೇಳಿದೆ. ಅವಳು ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವವಳು, ದಿನವಿಡೀ 'ಇದು ಸ್ಪಷ್ಟವಾ, ಅದು ಸ್ಪಷ್ಟವಾ' ಎಂದು ಗಿರಾಕಿಗಳನ್ನು ಕೇಳುವವಳು. ನನಗೆ ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟಳು.

"ನನ್ನ ಕೇಳ್ಬೇಡಿ. ಕೊಡಿ ಅಂದು ನಿಮಗೇನಾದ್ರೂ ಆದ್ರೆ ನಾನು ಕೆಟ್ಟವಳು. ಬೇಡ ಅಂದು ಅವರಿಗೇನಾದ್ರೂ ಆದ್ರೂ ನಾನೇ ಕೆಟ್ಟವಳು."

"ಮತ್ತೆ ನಾನೇನು ಮಾಡ್ಲಿ?"

"ಮೊದ್ಲು ಊಟ ಮಾಡಿ."

ಜೂನ್ 9, ಸೋಮವಾರ

ಪರೀಕ್ಷೆ ಮಾಡಿಸಿದೆ, ರಕ್ತ ಹೊಂದಿದೆ. ಹೊಂದದಿರಲಿ ಎಂದು ನಾನು ಬೇಡಿಕೊಂಡಿದ್ದೆನೆ? ಇಲ್ಲ. ಹೊಂದದಿದ್ದರೆ ಒಳ್ಳೆಯದಿತ್ತು ಎಂದುಕೊಂಡಿದ್ದೆ, ಅಷ್ಟೆ. ಎರಡಕ್ಕೂ ವ್ಯತ್ಯಾಸ ಇದೆ.

ಇವತ್ತಿನ ಅಚ್ಚರಿ: ಮುಟ್ಟಿದರೆ ಮುನಿ ಗಿಡ. ಕುಂಡವನ್ನು ಮತ್ತೆ ಮತ್ತೆ ಸ್ವಲ್ಪ ಎತ್ತರದಿಂದ ಮೆತ್ತಗೆ ಬೀಳಿಸಿದರೆ ಮೊದಮೊದಲು ಎಲೆ ಮಡಚಿಕೊಳ್ಳುತ್ತದೆ. ಇದರಿಂದ ತನಗೇನೂ ಕೆಡುಕಿಲ್ಲ ಎಂದು ಗೊತ್ತಾದ ಮೇಲೆ ಮಡಚುವುದನ್ನೇ ಬಿಡುತ್ತದೆ, ವಾರಗಳ ನಂತರವೂ ಆ ಪಾಠವನ್ನು ನೆನಪಿಟ್ಟಿರುತ್ತದೆ. ಒಂದು ಗಿಡಕ್ಕೆ ಅರ್ಧ ದಿನದಲ್ಲಿ ಮುನಿಸು ಬಿಡಲು ಬರುತ್ತದೆ ಎಂದು ಓದಿ ನನಗೆ ಅದರ ಮೇಲೆ ಬೇಸರವೇ ಆಯಿತು. ಸ್ವಾಭಿಮಾನ ಎಂಬುದು ಬೇಡವೇ?

ಅತ್ತಿಗೆ ಆಸ್ಪತ್ರೆಯ ಪಡಸಾಲೆಯಲ್ಲಿ ಸಿಕ್ಕಿದ್ದಳು. ಅಣ್ಣ ನನ್ನ ಅಂಕಣವನ್ನು ದಿನಾ ತರಗತಿಯಲ್ಲಿ ಓದಿಸುತ್ತಿದ್ದನಂತೆ. ಕೇಳಿ ಒಂದು ಕ್ಷಣ ಎದೆ ಉಬ್ಬಿತು.

"ಓದಿಸಿ ಏನಂತಾನೆ?"

"'ಇದ್ರಲ್ಲಿ ಏನು ಬಿಟ್ಟುಹೋಗಿದೆ ಹೇಳಿ' ಅಂತ ಮಕ್ಕಳನ್ನ ಕೇಳ್ತಾರೆ. ಮಕ್ಕಳಿಗೆ ಬಲು ಇಷ್ಟ ಅದು."

ಉಬ್ಬಿದ ಎದೆ ಅಲ್ಲೇ ಇಳಿಯಿತು. ಹಲ್ಕಾ ಮನುಷ್ಯ!

ಜೂನ್ 17, ಮಂಗಳವಾರ

ಸ್ಕ್ಯಾನು, ಇನ್ನೊಂದು ಸ್ಕ್ಯಾನು, ಎದೆಯ ಚಿತ್ರ, ಏಳು ಸೀಸೆ ರಕ್ತ. ಎಲ್ಲೆಡೆ ನಾನು ಆರೋಗ್ಯವಂತ. ನಲವತ್ತಾರು ವರ್ಷ ಮೈಮೇಲೆ ಗಮನವೇ ಕೊಡದೆ ಬದುಕಿದ್ದಕ್ಕೆ ಸಿಕ್ಕ ಬಹುಮಾನ ಇದು. ಒಬ್ಬ ಕುಡುಕನಾಗಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ.

ಸಿಟ್ಟಿನಲ್ಲಿ ಶಾರ್ಕಿನ ಬಗ್ಗೆ ಬರೆದೆ. ಒಂದು ಬಗೆಯ ಶಾರ್ಕ್ ಮರಿಗಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ಒಡಹುಟ್ಟಿದವರನ್ನು ತಿಂದು ಮುಗಿಸುತ್ತವೆ. ಮೊದಲು ದೊಡ್ಡದಾದದ್ದು ಉಳಿದವನ್ನು ತಿನ್ನುತ್ತದೆ. ಸರಿಯಾಗಿ ನಲವತ್ತು ಪದ. ಕತ್ತರಿಗೆ ಕೆಲಸವೇ ಇರಲಿಲ್ಲ. ಇಷ್ಟು ಚೊಕ್ಕವಾಗಿ ನಾನು ಬರೆದು ಎಷ್ಟು ಕಾಲವಾಗಿತ್ತೋ.

ಹೆಂಡತಿ ಸಂಜೆ ಓದಿ ಕನ್ನಡಕ ತೆಗೆದು ನನ್ನನ್ನೇ ನೋಡಿದಳು.

"ಇದೇನು, ಮನೆ ಕಥೆನಾ?"

"ವಿಜ್ಞಾನ."

"ಹಂಗಿದ್ರೆ ಯಾವ ಮರಿ ನೀವು?"

ಊಟಕ್ಕೂ ಮೊದಲೇ ಮಲಗಿದೆ.

ಜೂನ್ 24, ಮಂಗಳವಾರ

ಇದನ್ನು ಇದ್ದದ್ದು ಇದ್ದ ಹಾಗೇ ಬರೆಯಬೇಕು.

ಡಾಕ್ಟರಮ್ಮ ನನ್ನೊಬ್ಬನನ್ನೇ ಒಳಗೆ ಕರೆದು ಬಾಗಿಲು ಹಾಕಿದರು. ಸಣ್ಣ ಕೋಣೆ, ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಕಂದು ಯಕೃತ್ತು, ಬಿಚ್ಚಿ ಜೋಡಿಸಲು ಬರುವಂಥದ್ದು. ಬಲಗಡೆಯ ತುಂಡನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. "ಇಷ್ಟು ತೆಗೀತೀವಿ. ನೂರಕ್ಕೆ ಅರವತ್ತು ಭಾಗ."

"ಇದು ಮತ್ತೆ ಬೆಳೆಯುತ್ತಲ್ಲ?" ಎಂದೆ, ನನ್ನದೇ ಅಂಕಣದ ಧಾಟಿಯಲ್ಲಿ.

"ಕತ್ತರಿಸಿದ ಭಾಗ ನಿಮ್ಮಲ್ಲಿ ಮತ್ತೆ ಚಿಗುರಲ್ಲ. ಉಳಿದದ್ದೇ ಬೆಳೆದು ದೊಡ್ಡದಾಗುತ್ತೆ." ನಂತರ ದಾನಿಗೆ ಆಗಬಹುದಾದದ್ದನ್ನೆಲ್ಲ ಒಂದೊಂದಾಗಿ ಹೇಳಿದರು. ಪಿತ್ತ ಸೋರಬಹುದು, ರಕ್ತ ಹೆಪ್ಪುಗಟ್ಟಬಹುದು, ಕೆಲವು ನೂರಕ್ಕೊಬ್ಬರು ಸಾಯಬಹುದು. ನನ್ನ ಇಪ್ಪತ್ತೆರಡು ವರ್ಷದ ಆದರೆಗಳೆಲ್ಲ ಕಸದ ಬುಟ್ಟಿಯಿಂದ ಎದ್ದು ಆ ಕೋಣೆಗೆ ಬಂದು ಕೂತಂತಾಯಿತು.

ಆಮೇಲೆ ಅವರು ಪೆನ್ನು ಕೆಳಗಿಟ್ಟರು. "ಇನ್ನೊಂದು ಮಾತು. ಎಲ್ಲ ದಾನಿಗಳಿಗೂ ಹೇಳ್ತೀವಿ ಇದನ್ನ. ನಿಮಗೆ ಇಷ್ಟ ಇಲ್ಲದಿದ್ರೆ ನನಗೊಬ್ಬಳಿಗೆ ಹೇಳಿ. ಮನೆಯವರಿಗೆ ನಿಮ್ಮ ರಕ್ತನಾಳಗಳ ಜೋಡಣೆ ಹೊಂದಲ್ಲ ಅಂತ ಹೇಳ್ತೀವಿ. ನಿಜ ಯಾರಿಗೂ ಗೊತ್ತಾಗಲ್ಲ. ಯಾರೂ ನಿಮ್ಮನ್ನ ಬೈಯಲ್ಲ."

"ಛೆ ಛೆ, ಅಂಥದ್ದೇನಿಲ್ಲ. ನಾನು ಸಿದ್ಧ," ಎಂದೆ. ಎಂಥ ಧೀರ ದನಿ! ನನ್ನದೇ ದನಿ ಎಂದು ನನಗೇ ನಂಬಿಕೆಯಾಗಲಿಲ್ಲ. ಎದ್ದು ಬಾಗಿಲ ಚಿಲಕಕ್ಕೆ ಕೈ ಹಾಕಿದ್ದೆ.

"ಸ್ವಲ್ಪ ನಿಲ್ಲಿ," ಎಂದರು. "ಇನ್ನೊಂದು ಸಲ ಕೇಳ್ತಾ ಇದೀನಿ."

ನಾನು ತಿರುಗಿ ಬಂದು ಕೂತೆ. "ರಕ್ತನಾಳ ಅಂತಾನೇ ಹೇಳಿ," ಎಂದೆ.

ಜೂನ್ 25, ಬುಧವಾರ

ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಚೆನ್ನಾಗಿ ಉಂಡೆ, ಚೆನ್ನಾಗಿ ಮಲಗಿದೆ. ಹೆಂಡತಿಗೂ ರಕ್ತನಾಳ ಎಂದೇ ಹೇಳಿದ್ದೇನೆ.

ಇವತ್ತಿನ ಅಚ್ಚರಿ: ವೊಂಬಾಟ್ ಎಂಬ ಪ್ರಾಣಿ ಚೌಕಾಕಾರದ ಲದ್ದಿ ಹಾಕುತ್ತದೆ. ಇದರಲ್ಲಿ ಆದರೆ ಏನೂ ಇಲ್ಲ.

ಜೂನ್ 28, ಶನಿವಾರ

ಅತ್ತಿಗೆ ಕಿತ್ತಳೆಹಣ್ಣು ತಂದಿದ್ದಳು. ನನಗೆ! ಸಮಾಧಾನ ಹೇಳುವುದಕ್ಕೆ!

"ನೀನು ಮನಸ್ಸಿಗೆ ಹಚ್ಕೋಬೇಡ ಗುಬ್ಬಿ. ನೀನು ಮನಸ್ಸು ಮಾಡಿದೆಯಲ್ಲ, ಅದೇ ದೊಡ್ಡದು. ಮೈ ಒಪ್ಪಲಿಲ್ಲ ಅಂದ್ರೆ ನೀನೇನು ಮಾಡ್ತೀಯ?" ಹೇಳುತ್ತಾ ಅವಳೇ ಕಣ್ಣೊರೆಸಿಕೊಂಡಳು. "ನಿಮ್ಮಣ್ಣ ಹೇಳಿದ್ರು, 'ಬೇಜಾರು ಮಾಡ್ಕೋಬೇಡ ಅನ್ನು ಅವನಿಗೆ' ಅಂತ."

ಒಂಬತ್ತು ವರ್ಷದಲ್ಲಿ ಅವನು ಹೇಳಿ ಕಳಿಸಿದ ಮೊದಲ ಮಾತು ಇದು.

ಅವಳು ಹೋದ ಮೇಲೆ ಒಂದು ಹಣ್ಣು ಸುಲಿದೆ. ಸಿಹಿಯಾಗಿತ್ತು. ಅದೇ ತೊಂದರೆ, ಬಲು ಸಿಹಿಯಾಗಿತ್ತು. ಎರಡನೇ ತೊಳೆಯನ್ನು ಸಿಪ್ಪೆಯ ಜೊತೆ ಇಟ್ಟೆ.

ಜುಲೈ 2, ಬುಧವಾರ

ರಕ್ತ ಕುಡಿಯುವ ಬಾವಲಿಗಳ ಬಗ್ಗೆ. ಎರಡು ಮೂರು ದಿನ ಆಹಾರ ಸಿಗದಿದ್ದರೆ ಬಾವಲಿ ಸಾಯುತ್ತದೆ. ಹಸಿದು ಬಂದ ಬಾವಲಿಗೆ ಪಕ್ಕದ್ದು ತಾನು ಕುಡಿದದ್ದನ್ನು ಕಕ್ಕಿ ಉಣಿಸುತ್ತದೆ, ಸಂಬಂಧಿ ಅಲ್ಲದಿದ್ದರೂ. ನಾನು ಆರಿಸಿದ್ದಲ್ಲ ಇದು, ಕೈಗೆ ಸಿಕ್ಕ ಪುಸ್ತಕದಲ್ಲಿ ಆ ಪುಟವೇ ತೆರೆದುಕೊಂಡಿತು.

ಕತ್ತರಿ ಪುಟ ಕಟ್ಟುತ್ತಾ ಕೇಳಿದ, "ಇದ್ಯಾಕೆ ಮಾರಾಯ, ಕೊನೆ ಸಾಲೇ ಇಲ್ಲ? 'ಆದರೆ' ಎಲ್ಲಿ?"

"ಇದಕ್ಕೆ ಇಲ್ಲ."

"ಪರವಾಗಿಲ್ಲ, ಬಾವಲಿ ನಿಮ್ಮ ಜಾತಿಗಿಂತ ವಾಸಿ," ಎಂದ. ಪತ್ರಕರ್ತರ ಬಗ್ಗೆ ಹೇಳಿದ್ದು. ಕುಂಬಳಕಾಯಿ ಕಳ್ಳ ಎಂದರೆ ನಾನು ಹೆಗಲು ಮುಟ್ಟಿ ನೋಡಿಕೊಂಡೆ.

ಜುಲೈ 5, ಶನಿವಾರ

ಕಡಿದು ಹಾಕಿದ ಮರದ ಬುಡ. ಎಲೆ ಇಲ್ಲ, ಕೊಂಬೆ ಇಲ್ಲ, ಸೂರ್ಯನ ಬೆಳಕಿನಿಂದ ಒಂದು ಹನಿ ಆಹಾರ ಮಾಡಿಕೊಳ್ಳಲಾರದು. ಆದರೂ ಸತ್ತಿಲ್ಲ. ಬೇರಿಗೆ ಬೇರು ಬೆಸೆದುಕೊಂಡ ಅಕ್ಕಪಕ್ಕದ ಮರಗಳು ಅದನ್ನು ಸಾಕುತ್ತವೆ.

ಈ ವಾರ ಪ್ರಾಣಿಗಳೂ ಗಿಡಗಳೂ ಸೇರಿ ನನ್ನ ಮೇಲೆ ಮಸಲತ್ತು ಮಾಡಿವೆ. ಸ್ವಾರ್ಥಿ ಪ್ರಾಣಿಗಳೆಲ್ಲ ಎಲ್ಲಿಗೆ ಹೋದವೋ. ಪುಸ್ತಕದ ಕಪಾಟನ್ನೆಲ್ಲ ಜಾಲಾಡಿದೆ, ಆ ಶಾರ್ಕ್ ಬಿಟ್ಟರೆ ಒಂದೂ ಸಿಗುತ್ತಿಲ್ಲ. ಅದನ್ನು ಆಗಲೇ ಖರ್ಚು ಮಾಡಿಬಿಟ್ಟಿದ್ದೇನೆ.

ಆಸ್ಪತ್ರೆಯ ಮುಂದಿನಿಂದ ಬಸ್ಸಿನಲ್ಲಿ ಬಂದೆ. ಅದು ನನ್ನ ದಾರಿಯಲ್ಲ. ಒಂದು ನಿಲ್ದಾಣ ಹೆಚ್ಚಾಗುತ್ತದೆ ಅಷ್ಟೆ.

ಜುಲೈ 8, ಮಂಗಳವಾರ

ಸಂಪಾದಕರು ನನ್ನನ್ನು ಕರೆಸಿ ಕೈ ಕುಲುಕಿದರು. ಟೀ ಕುಡಿಯುವಾಗ ಕತ್ತರಿಗೆ ರಕ್ತನಾಳದ ಕಥೆ ಹೇಳಿದ್ದೆ, ಅವನು ಇವರಿಗೆ ಎಲ್ಲ ಹೇಳಿದ್ದಾನೆ. "ಇಂಥದ್ದನ್ನ ನಮ್ಮ ಓದುಗರು ತಿಳ್ಕೋಬೇಕು ಕಣ್ರೀ. ಪತ್ರಿಕೆಯವರಿಗೂ ಹೃದಯ ಇರುತ್ತೆ ಅಂತ."

"ಬೇಡ ಸಾರ್."

"ನೀವು ಸಂಕೋಚದ ಮನುಷ್ಯ, ನನಗೆ ಗೊತ್ತು. ಸಣ್ಣ ಸುದ್ದಿ. ಮೂರೇ ಸಾಲು. ನಾನೇ ಬರೀತೀನಿ."

ಕೈ ಮುಗಿದು ಕೇಳಿಕೊಂಡೆ. ಅವರು ಅದನ್ನೂ ವಿನಯ ಎಂದುಕೊಂಡರು. ಈಗ ನನ್ನ ಸುಳ್ಳು ನನ್ನದೇ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದುಕೊಂಡಿದ್ದೆ. ಹಾವು ಕೋಲನ್ನೇ ಸುತ್ತಿಕೊಂಡು ಮೇಲೆ ಬರುತ್ತಿದೆ.

ಜುಲೈ 9, ಬುಧವಾರ

ಅಯ್ಯೋ ದೇವರೇ.

ಸಂಪಾದಕರು ಬರೆದದ್ದು ಇದು: 'ನಮ್ಮ ಅಚ್ಚರಿ ಮೂಲೆಯ ಅಂಕಣಕಾರರು ಸಾವಿನಂಚಿನಲ್ಲಿರುವ ತಮ್ಮ ಅಣ್ಣನಿಗೆ ಯಕೃತ್ತಿನ ಭಾಗವನ್ನು ನೀಡಲು ಮುಂದಾಗಿದ್ದಾರೆ. ಅವರ ಈ ನಿರ್ಧಾರಕ್ಕೆ ಪತ್ರಿಕೆ ಬಳಗ ತಲೆಬಾಗುತ್ತದೆ. ಆದರೆ ರಕ್ತನಾಳಗಳ ಜೋಡಣೆ ಹೊಂದದ ಕಾರಣ ವೈದ್ಯರು ಇದಕ್ಕೆ ಒಪ್ಪಿಲ್ಲ ಎಂಬುದು ದುಃಖದ ಸಂಗತಿ.'

ಮೂರನೇ ಪುಟದಲ್ಲಿ ಕೊನೆಗಳಿಗೆಗೆ ಒಂದು ಜಾಹೀರಾತು ಬಂತು. ಜಾಗ ಸಾಲಲಿಲ್ಲ. ಕತ್ತರಿ ಕೆಳಗಿನಿಂದ ಕತ್ತರಿಸಿದ.

ಜುಲೈ 10, ಗುರುವಾರ

ಹಾಲಿನವನು ಕೈ ಮುಗಿದ. ಬಸ್ಸಿನಲ್ಲಿ ಕಂಡಕ್ಟರು ನಿಂತಿದ್ದ ಹೆಂಗಸನ್ನು ಕೂರಿಸುವ ಬದಲು ನನ್ನನ್ನು ಕೂರಿಸಿದ. ಕನ್ನಡಕದಂಗಡಿಯ ಮಾಲೀಕ ಹೆಂಡತಿಗೆ ಎರಡು ವಾರ ರಜೆ ಕೊಡುತ್ತೇನೆಂದನಂತೆ.

ಕತ್ತರಿ ಬೆಳಗ್ಗೆಯಿಂದ ಮುಖ ತೋರಿಸಿಲ್ಲ. ಮಧ್ಯಾಹ್ನ ಟೀ ಹಿಡಿದುಕೊಂಡು ಬಂದ.

"ತಪ್ಪಾಯ್ತು ಮಾರಾಯ. ಓದ್ಲಿಲ್ಲ ನಾನು. ಇಪ್ಪತ್ತೆರಡು ವರ್ಷದಿಂದ ಏನೂ ಓದಿಲ್ಲ ನಿಜ ಹೇಳ್ಬೇಕಂದ್ರೆ."

"ಇದೊಂದನ್ನಾದ್ರೂ ಓದ್ಬಾರ್ದಾಗಿತ್ತಾ?"

"ನಾಳೆ ತಿದ್ದುಪಡಿ ಹಾಕೋಣ. ನೀನೇ ಬರೆದು ಕೊಡು. ಒಂದು ಪದಾನೂ ಮುಟ್ಟಲ್ಲ, ಆಣೆಗೂ."

ಮೂರು ಗಂಟೆಗೆ ಅತ್ತಿಗೆ ಫೋನ್ ಮಾಡಿದಳು. ಉಸಿರು ಕಟ್ಟಿದ ದನಿ. "ಗುಬ್ಬಿ, ಪೇಪರ್‌ನಲ್ಲಿ ಬಂದಿದೆ. ಡಾಕ್ಟ್ರು ಒಪ್ಪಿದ್ರಾ? ಏನಾದ್ರೂ ದಾರಿ ಸಿಕ್ತಾ?"

ಇಲ್ಲ ಎನ್ನಬೇಕಿತ್ತು. ಎರಡೇ ಅಕ್ಷರ. "ನೋಡ್ತಾ ಇದಾರೆ ಅತ್ತಿಗೆ," ಎಂದೆ. ಆ ಕಡೆ ಅವಳು ಅಳುವುದು ಕೇಳಿಸಿತು. ಫೋನ್ ಇಟ್ಟ ಮೇಲೂ ಕೇಳಿಸುತ್ತಿತ್ತು.

ತಿದ್ದುಪಡಿ ಬರೆಯಲು ಕೂತೆ. ಚೀಟಿಯ ಮೇಲೆ ಚೀಟಿ. 'ಮೊನ್ನೆಯ ಸುದ್ದಿಯಲ್ಲಿ ತಪ್ಪಾಗಿ...' 'ಅಂಕಣಕಾರರ ಯಕೃತ್ತು...' 'ವಿಷಾದಿಸುತ್ತೇವೆ.' ಆನೆಯ ಗರ್ಭಾವಸ್ಥೆಯನ್ನು ನಲವತ್ತು ಪದಕ್ಕೆ ಇಳಿಸಿದವನು ನಾನು, ಇದನ್ನು ಇಳಿಸಲು ಆಗಲಿಲ್ಲ. ಇದನ್ನು ಅಣ್ಣ ಓದುತ್ತಾನೆ. ಮಲಗಿದಲ್ಲೇ ಓದುತ್ತಾನೆ, ಇದರಲ್ಲಿ ಏನು ಬಿಟ್ಟುಹೋಗಿದೆ ಎಂದು ನೋಡುತ್ತಾನೆ.

ಇನ್ನೊಂದು ತಿದ್ದುಪಡಿ ನನ್ನ ಕೈಲಾಗದು. ಒಂದೇ ಸಾಕಾಗಿದೆ ಈ ಜನ್ಮಕ್ಕೆ. ತಿದ್ದುಪಡಿ ಹಾಕುವುದಕ್ಕಿಂತ ಯಕೃತ್ತು ಕೊಡುವುದೇ ಸುಲಭ.

ಜುಲೈ 11, ಶುಕ್ರವಾರ

ಡಾಕ್ಟರಮ್ಮನ ಬಳಿ ಹೋಗಿ, ಪತ್ರಿಕೆಯಲ್ಲಿ ಹೀಗೆ ತಪ್ಪಾಗಿದೆ, ತಪ್ಪನ್ನು ನಿಜ ಮಾಡಬೇಕಿದೆ, ಎಂದೆ.

ಅವರು ನನ್ನ ಕಡತ ತೆರೆದು ಮತ್ತೆ ಮುಚ್ಚಿದರು. "ಪತ್ರಿಕೆಯ ತಪ್ಪು ತಿದ್ದೋಕೆ ಯಾರೂ ಇಷ್ಟು ದೂರ ಹೋಗಿದ್ದನ್ನ ನಾನು ಕಂಡಿಲ್ಲ."

"ಪತ್ರಿಕೆಯ ಮರ್ಯಾದೆ ಪ್ರಶ್ನೆ."

"ಮತ್ತೆ ಹೆದರಿಕೆ ಆಗಲ್ವಾ?"

"ಆಗುತ್ತೆ. ಕಾಲು ನಡುಗ್ತಾ ಇದೆ, ಬೇಕಾದ್ರೆ ನೋಡಿ."

ಮೇಜಿನ ಕೆಳಗೆ ಬಗ್ಗಿ ನಿಜವಾಗಿಯೂ ನೋಡಿದರು. ಮನೆಯವರಿಗೆ, ಎರಡನೇ ತಂಡ ಸ್ಕ್ಯಾನ್ ನೋಡಿ ಬೇರೆ ವಿಧಾನದಲ್ಲಿ ಆಗುತ್ತದೆ ಅಂದಿದೆ ಎಂದು ಹೇಳುತ್ತಾರಂತೆ. "ಇದೂ ಸುಳ್ಳೇ ಅಲ್ವಾ?" ಎಂದೆ. "ಮೊದಲ್ನೇದನ್ನ ವಾಪಸ್ ತಗೊಳ್ಳೋಕೆ ಇನ್ನೊಂದು ಬೇಕಲ್ಲ," ಎಂದರು.

ಹೆಂಡತಿಗೆ ಎಲ್ಲ ಹೇಳಿದೆ. ರಕ್ತನಾಳದ ಸುಳ್ಳೂ ಸೇರಿ. ಹೊಡೆದರೂ ಹೊಡೆಯಲಿ ಎಂದುಕೊಂಡಿದ್ದೆ.

"ಗೊತ್ತಿತ್ತು," ಎಂದಳು.

"ಹೇಗೆ?"

"ಆವತ್ತು ಆಸ್ಪತ್ರೆಯಿಂದ ಹಾಡು ಗುನುಗ್ತಾ ಬಂದ್ರಿ. ಅಣ್ಣನಿಗೆ ಕೊಡೋಕಾಗಲ್ಲ ಅಂತ ಗೊತ್ತಾದೋರು ಯಾರಾದ್ರೂ ಹಾಡ್ತಾರಾ?" ಸ್ವಲ್ಪ ಹೊತ್ತು ಬಟ್ಟೆ ಮಡಿಸಿದಳು. "ನಾನೂ ಸುಮ್ನಿದ್ದೆ. ನಂಗೂ ಬೇಕಾಗಿತ್ತು ಆ ಸುಳ್ಳು." ಮಡಿಸಿದ ಅಂಗಿಯನ್ನೇ ಮುಖಕ್ಕೆ ಒತ್ತಿಕೊಂಡು ಅತ್ತಳು. ನನಗೆ ಏನು ಮಾಡುವುದೆಂದು ತಿಳಿಯದೆ ಇನ್ನೊಂದು ಅಂಗಿ ಮಡಿಸಿದೆ, ತಪ್ಪಾಗಿ ಮಡಿಸಿದೆನಂತೆ, ಅಳುತ್ತಲೇ ಬಿಚ್ಚಿ ಮತ್ತೆ ಮಡಿಸಿದಳು.

ಜುಲೈ 15, ಮಂಗಳವಾರ

ಅಣ್ಣ ಕರೆಸಿದ್ದ.

ಮೂರನೇ ಮಹಡಿ, ಕಿಟಕಿ ಪಕ್ಕದ ಮಂಚ. ಗುರುತು ಸಿಗಲಿಲ್ಲ. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ನೀರು ತುಂಬಿ ಉಬ್ಬಿದೆ, ಕಣ್ಣು ಅರಿಶಿನದ ನೀರಿನಲ್ಲಿ ಅದ್ದಿದ ಹಾಗೆ. ದನಿಯೊಂದೇ ಹಳೆಯದು, ಕೊನೆಯ ಬೆಂಚಿಗೂ ಕೇಳಿಸುವಂಥದ್ದು.

"ಬಾರೋ ಗುಬ್ಬಿ. ಕೂತ್ಕೋ. ನಿನ್ನ ರಕ್ತನಾಳ ಜಾಗ ಬದಲಾಯಿಸ್ತಂತೆ?"

"ಬೇರೆ ವಿಧಾನ ಇದೆಯಂತೆ."

"ಮೂರು ವಾರದಲ್ಲಿ ಬಂತಾ ವಿಧಾನ? ಮೂವತ್ತು ವರ್ಷ ಪಾಠ ಮಾಡಿದೀನಿ ಕಣೋ. ನನ್ನ ಹತ್ರಾನಾ?"

ನಾನು ಮಂಚದ ಕಬ್ಬಿಣದ ಪಟ್ಟಿಯನ್ನು ನೋಡುತ್ತಾ ಕೂತೆ. ಬಣ್ಣ ಎರಡು ಕಡೆ ಕಿತ್ತಿತ್ತು.

"ಹೋಗ್ಲಿ ಬಿಡು. ನೀನು ಬೇಡ ಅಂದಿದ್ದು ತಪ್ಪಲ್ಲ," ಎಂದ. "ನಾನೇ ಹೇಳಿದ್ದು ಡಾಕ್ಟರಮ್ಮನಿಗೆ. ಎಲ್ಲರನ್ನೂ ಒಂದು ಸಲ ಕೇಳ್ತೀರಂತಲ್ಲ, ಇವನನ್ನ ಎರಡು ಸಲ ಕೇಳಿ ಅಂತ. ಮೊದಲ್ನೇ ಸಲ ನಾಚಿಕೆಗೆ ಹೂಂ ಅಂದುಬಿಡ್ತಾನೆ, ಇವನು ಚಿಕ್ಕವನಿದ್ದಾಗಿಂದ ಹಾಗೇ. ಇಂಜೆಕ್ಷನ್ ಕಂಡ್ರೆ ಮಂಚದ ಕೆಳಗೆ ಹೋಗೋನು, ಯಾರಾದ್ರೂ ನೋಡ್ತಿದ್ರೆ ಮಾತ್ರ ಕೈ ಚಾಚೋನು."

ಅಂದರೆ ಇವನು ಸಾಯುತ್ತಾ ಮಲಗಿಕೊಂಡು, ನಾನು ತಪ್ಪಿಸಿಕೊಂಡು ಹೋಗಲು ಹಿಂಬಾಗಿಲು ತೆರೆಸಿಟ್ಟಿದ್ದ. ನಾನು ಅದರಲ್ಲಿ ನುಸುಳಿ ಹೋಗಿ, ಚೆನ್ನಾಗಿ ಉಂಡು, ಚೆನ್ನಾಗಿ ಮಲಗಿದ್ದೆ. ಎಷ್ಟು ಸಿಟ್ಟು ಬಂತೆಂದರೆ ಅಳು ಬಂತು. ಸಿಟ್ಟಿನದೇ ಅಳು ಅದು.

"ಯಾರು ಹೇಳಿದ್ದು ನಿಂಗೆ? ಯಾರು ಕೇಳಿದ್ರು ನಿನ್ನ? ಯಾವಾಗ್ಲೂ ನೀನೇ ಮೊದ್ಲು ತಿಳ್ಕೊಂಡಿರಬೇಕಾ ಎಲ್ಲಾನೂ?"

"ಕೂಗ್ಬೇಡ, ಪಕ್ಕದವರು ಮಲಗಿದಾರೆ." ಆಮೇಲೆ ಕಿಟಕಿಯ ಕಡೆ ತಿರುಗಿ ಹೇಳಿದ, "ಆ ಮೀನಿನ ಕಾಗದ ಬರೀಬಾರ್ದಿತ್ತು. ಫೋನ್ ಮಾಡ್ಬೇಕಿತ್ತು. ಮಾಡಿದ್ರೆ ನೀನು ಕೇಳ್ತಿರ್ಲಿಲ್ಲ, ಅದು ಬೇರೆ."

"ಕೇಳ್ತಿದ್ದೆ."

"ಕೇಳ್ತಿರ್ಲಿಲ್ಲ. ಬೇಡ ಬಿಡೋ ಗುಬ್ಬಿ. ನಿನ್ನ ಹೆಂಡ್ತಿ ಇದಾಳೆ. ಆಪರೇಷನ್ ಅರ್ಜಿಗೆ ನಾನು ಸಹಿ ಹಾಕಲ್ಲ."

"ಹಾಕ್ತೀಯ."

"ಹಾಕಲ್ಲ."

"ಹಾಕದಿದ್ರೆ ಅತ್ತಿಗೆಗೆ ಎಲ್ಲಾ ಹೇಳ್ತೀನಿ. ನೀನೇ ನನ್ನನ್ನ ಓಡಿಸೋಕೆ ಏರ್ಪಾಡು ಮಾಡಿದ್ದೆ ಅಂತ. ಆಮೇಲೆ ನಿನ್ನ ಲಿವರ್ ಜೊತೆ ಉಳಿದದ್ದೂ ಉಳಿಯಲ್ಲ."

ಅವನು ನಕ್ಕ, ನಕ್ಕರೆ ಹೊಟ್ಟೆ ನೋಯುತ್ತದಂತೆ, ಹಿಡಿದುಕೊಂಡು ನಕ್ಕ. ಅರ್ಜಿ ಮುಂದೆ ಹಿಡಿದೆ. ಅವನಿಗೆ ಪೆನ್ನು ಹಿಡಿಯಲು ಬಲವಿರಲಿಲ್ಲ, ನಾನು ಮಣಿಕಟ್ಟು ಹಿಡಿದುಕೊಂಡೆ, ಸಹಿ ಹಾಕಿದ.

ಇಲ್ಲಿ ಸ್ಪಷ್ಟವಾಗಿ ಬರೆದಿಡುತ್ತೇನೆ: ಕರುಣೆಗಾಗಿ ನಾನು ಇದನ್ನು ಮಾಡುತ್ತಿಲ್ಲ. ಈಗ ಹಿಂದೆ ಸರಿದರೆ ಗೆಲ್ಲುವವನು ಅವನು. ಅಷ್ಟೆ ವಿಷಯ.

ಜುಲೈ 21, ಸೋಮವಾರ

ಶಸ್ತ್ರಚಿಕಿತ್ಸೆ ಗುರುವಾರ. ಇವತ್ತು ಅಂಗದಾನ ಸಮಿತಿಯ ಮುಂದೆ ಹಾಜರಿ. ದಾನಿಯನ್ನು ಯಾರೂ ಬಲವಂತ ಮಾಡಿಲ್ಲ ಎಂದು ಅವರು ಖಾತ್ರಿ ಮಾಡಿಕೊಳ್ಳಬೇಕಂತೆ. ಉದ್ದದ ಮೇಜು, ಆ ಕಡೆ ಮೂವರು, ಈ ಕಡೆ ನಾನೊಬ್ಬ. ಬರೆದುಕೊಳ್ಳುತ್ತಿದ್ದವರು ಬೋಳುತಲೆಯ ಗುಮಾಸ್ತರು, ಪ್ರತಿ ಉತ್ತರಕ್ಕೂ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕುವವರು.

"ರೋಗಿ ನಿಮಗೆ ಏನಾಗಬೇಕು?"

"ಅಣ್ಣ."

ಬರೆದುಕೊಂಡರು.

"ದಾನಿಗೆ ಆಗಬಹುದಾದ ಅಪಾಯ ಗೊತ್ತಾ?"

ಹೇಳಿದೆ. ಪಿತ್ತ, ಹೆಪ್ಪು, ಕೆಲವು ನೂರಕ್ಕೊಬ್ಬರು. ಒಂದೂ ಬಿಡಲಿಲ್ಲ. ನಡುವಿನವರು ಕನ್ನಡಕದ ಮೇಲಿಂದ ನೋಡಿದರು, "ನೀವು ಡಾಕ್ಟರಾ?" "ಅಲ್ಲ ಸಾರ್, ಪತ್ರಿಕೆ." "ಸರಿ, ಸರಿ."

"ಕೊಡಿ ಅಂತ ಯಾರಾದ್ರೂ ಒತ್ತಾಯ ಮಾಡಿದಾರಾ?"

"ಇಲ್ಲ. ಕೊಡ್ಬೇಡ ಅಂತ ಒಬ್ಬರು ಮಾಡಿದಾರೆ."

ಮೂವರೂ ತಲೆಯೆತ್ತಿದರು. "ಯಾರು?"

"ರೋಗಿ."

ಗುಮಾಸ್ತರು ಪೆನ್ನಿನ ಮುಚ್ಚಳ ಹಾಕಿ ಮತ್ತೆ ತೆಗೆದರು. ಅದಕ್ಕೆ ಅರ್ಜಿಯಲ್ಲಿ ಜಾಗ ಇರಲಿಲ್ಲ ಅನ್ನಿಸುತ್ತದೆ.

"ಕೊನೇ ಪ್ರಶ್ನೆ. ಯಾಕೆ ಕೊಡ್ತಾ ಇದೀರಿ?"

ಇದಕ್ಕೆ ನಾನು ಸಿದ್ಧವಾಗಿ ಹೋಗಿದ್ದೆ. ಪತ್ರಿಕೆಯ ಮರ್ಯಾದೆ, ತಿದ್ದುಪಡಿ, ಅವನು ಗೆಲ್ಲಬಾರದು, ಎಲ್ಲ ಸಾಲಾಗಿ ಜೋಡಿಸಿಟ್ಟಿದ್ದೆ. ಬಾಯಿ ತೆರೆದರೆ ಒಂದೂ ಬರಲಿಲ್ಲ.

"ನನ್ನಣ್ಣ," ಎಂದೆ.

"ಅದು ಆಯ್ತಲ್ಲ. ಅದು ಸಂಬಂಧದ ಕಾಲಂ. ಇದು ಕಾರಣದ್ದು."

"ಹೌದು," ಎಂದೆ. "ಎರಡಕ್ಕೂ ಅದನ್ನೇ ಬರ್ಕೊಳ್ಳಿ."

ಬರೆದುಕೊಂಡರು.